ಸಹಿ ಹಾಕದ ಪ್ರೋಗ್ರಾಂ ಅಕ್ಕ

ರಜಾದಿನದ ಬೆಳಗು, ಆರು ಗಂಟೆ. ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಐವತ್ತೆರಡರ ಹೆಣ್ಣುಮಗಳೊಬ್ಬರು ಕಾವಲುಗಾರನಿಂದ ಬೀಗ ತೆಗೆಸಿ, ಈ ಲೇಖನಕ್ಕಾಗಿ ಬಂದ ನನ್ನನ್ನೂ ಕರೆದುಕೊಂಡು ಒಳಬರುತ್ತಾರೆ. ಪರೀಕ್ಷಾ ಯಂತ್ರಕ್ಕೆ ಒಂದು ಹನಿ ರಕ್ತವನ್ನೂ ಕೊಡದೆ ಕಂಪ್ಯೂಟರ್ ಚಾಲೂ ಮಾಡುತ್ತಾರೆ. "ಖಾಲಿ ಓಡ್ಲಿ. ಆಗ್ಲೂ ಬೀಳುತ್ತಾ ನೋಡೇಬಿಡೋಣ."

ಇಲ್ಲಿನವರ ಬಾಯಲ್ಲಿ ಇವರು ಪ್ರೋಗ್ರಾಂ ಅಕ್ಕ. ಯಂತ್ರ ಅಳೆದದ್ದನ್ನು ರೋಗಿಯ ವರದಿಯಾಗಿಸುವ ಪ್ರೋಗ್ರಾಂ ಬರೆದು ಹತ್ತೊಂಬತ್ತು ವರ್ಷವಾಯಿತು. ದಿನಕ್ಕೆ ನಾನೂರು ವರದಿ ಹೊರಬೀಳುತ್ತವೆ, ಒಂದರಲ್ಲೂ ಅವರ ಹೆಸರಿಲ್ಲ. ಕಳೆದ ತಿಂಗಳು ಯಂತ್ರದ ಕಂಪನಿ ಹೊಸ ಲೈಬ್ರರಿ ಕೊಟ್ಟಿತು. ಯಂತ್ರದೊಡನೆ ಮಾತಾಡಲು ಪ್ರೋಗ್ರಾಂ ಕರೆಸಿಕೊಳ್ಳುವ ಫೈಲು ಅದು. ಅಂದಿನಿಂದ, ರೋಗಿಗಳ ಸಾಲು ಬಾಗಿಲಾಚೆ ಬೆಳೆದಿರುವ ಹೊತ್ತಿಗೇ, ಅಕ್ಕನ ಪ್ರೋಗ್ರಾಂ ಕುಸಿಯುತ್ತಿದೆ. "ಹಳೆಯ ಪ್ರೋಗ್ರಾಂ ಜನಸಂದಣಿ ತಾಳದು" ಎಂಬ ಪತ್ರಕ್ಕೆ ಸಹಿ ಕೇಳಿದ್ದಾರೆ ವ್ಯವಸ್ಥಾಪಕರು. ಹಾಕಿದರೆ ಪ್ರೋಗ್ರಾಂ ಮೂಲೆಗೆ, ಅಕ್ಕ ಮನೆಗೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದು ಸಿಡುಕುತ್ತಾರೆ ಅಕ್ಕ. "ಒಂದು ಸಹಿ ತಾನೆ, ಹಾಕಿ ಬಾ ಅಂದ್ರು ನಮ್ಮನೆಯವರು. ಅವರು ಟೈಲರ್. ಬೇರೆಯವರು ಕೆಡಿಸಿದ ಅಂಗಿ ನಾನೇ ಹೊಲಿದಿದ್ದು ಅಂತ ಒಪ್ಕೋತೀರಾ ಅಂತ ಕೇಳ್ದೆ. ಬುತ್ತಿ ಕಟ್ಟಿ ಕಳಿಸಿದ್ರು."

ಒಂಬತ್ತು ಗಂಟೆ ಮೂವತ್ತೆಂಟು ನಿಮಿಷ. ಪ್ರೋಗ್ರಾಂ ಮಕಾಡೆ ಮಲಗುತ್ತದೆ. ತನ್ನ ಕೂಸೇ ಬಿದ್ದರೂ ಅಕ್ಕನಿಗೆ ಹಿಗ್ಗು. "ಎಲ್ರೀ ಜನ? ನಾನೊಬ್ಳು, ನೀವೊಬ್ರು!"

ಹಾಗಾದರೆ ಬೀಳಿಸಿದ್ದು ಯಾರು? ಯಂತ್ರದಲ್ಲಿ ರಕ್ತ ಇರಲಿ ಬಿಡಲಿ, ಪ್ರೋಗ್ರಾಂ ಲೈಬ್ರರಿಯನ್ನು ಸೆಕೆಂಡಿಗೆ ಹತ್ತು ಸಲ ಕರೆಯುತ್ತದೆ. ಕರೆಯುವಾಗ ಮೆಮೊರಿಯಲ್ಲಿ ಒಂದಿಷ್ಟು ಮಾಹಿತಿ ಇಟ್ಟುಕೊಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಬೇಕಾದವರು ಕರೆದವರೋ, ಬಂದವರೋ ಎಂಬುದು ಮೊದಲೇ ಆದ ಒಪ್ಪಂದ. "ನಮ್ಮ ನಾದಿನಿ ಮನೇಲಿ ಉಂಡೋರೇ ತಟ್ಟೆ ತೊಳೀಬೇಕು. ನಮ್ಮನೇಲಿ ಬಡಿಸಿದೋರು ತೊಳೀತೀವಿ. ಹಳೇ ಲೈಬ್ರರಿ ಉಂಡು ತೊಳೆದಿಟ್ಟು ಹೋಗ್ತಿತ್ತು. ಹೊಸದು ಕೈ ಒರೆಸ್ಕೊಂಡು ಎದ್ದುಹೋಗುತ್ತೆ. ಅದೇ ತೊಳೆದಿರುತ್ತೆ ಅಂತ ನನ್ನದು ಸುಮ್ನಿರುತ್ತೆ. ಸಿಂಕು ತುಂಬದೆ ಇರುತ್ತಾ?"

ಪ್ರತಿ ಕರೆಗೆ ಎಂಟು ಬೈಟ್ ಉಳಿಯುತ್ತದೆ. ಇರುವ ಜಾಗ ಹತ್ತು ಲಕ್ಷ ಚಿಲ್ಲರೆ ಬೈಟ್. ಅಕ್ಕ ಚೀಟಿಯ ಮೇಲೆ ಭಾಗಿಸಿ ತೋರಿಸುತ್ತಾರೆ. ಜಾಗ ತುಂಬಲು ಸರಿಯಾಗಿ ಮೂರು ಗಂಟೆ ಮೂವತ್ತೆಂಟು ನಿಮಿಷ ಬೇಕು. ದಿನವೂ ಆರಕ್ಕೆ ಚಾಲೂ ಮಾಡಿದರೆ, ಸಾಲು ಬೆಳೆಯುವ ಹೊತ್ತಿಗೇ ತುಂಬುತ್ತದೆ. ಓಡುತ್ತಿರುವಾಗ ಲೈಬ್ರರಿಯನ್ನು ಕರೆಸುವಲ್ಲಿ ಅದರೊಳಗಿನ ಕೆಲಸಗಳ ಹೆಸರು ಹೊಂದಿದರೆ ಸಾಕು, ಒಪ್ಪಂದ ಹೊಂದಿದೆಯೇ ಎಂದು ಯಾರೂ ಕೇಳುವುದಿಲ್ಲ. ಹೆಸರೆಲ್ಲ ಹಾಗೇ ಇವೆ, ಏನೂ ಬದಲಾಗಿಲ್ಲ ಎಂದು ಕಂಪನಿ ತಿಂಗಳಿಡೀ ವಾದಿಸಿದ್ದೂ ಅದಕ್ಕೇ.

ತಟ್ಟೆಯನ್ನು ಇನ್ನು ಕರೆದವರೇ ತೊಳೆಯಲಿ ಎಂದು ಅಕ್ಕ ತಮ್ಮ ಕಡೆಯ ಒಂದು ಪದ ಬದಲಿಸುತ್ತಾರೆ. ಪ್ರೋಗ್ರಾಂ ಸಂಜೆಯವರೆಗೂ ಓಡುತ್ತದೆ. ಮರುದಿನ ನಾನೂರು ಜನರ ಸಾಲೂ ನಿಲ್ಲದೆ ಕರಗುತ್ತದೆ. ವ್ಯವಸ್ಥಾಪಕರು ಪತ್ರ ತಿದ್ದಿಸಿಕೊಂಡು ತಾವೇ ಬರುತ್ತಾರೆ. "ಪ್ರೋಗ್ರಾಂ ದೋಷ ಸರಿಪಡಿಸಲಾಗಿದೆ ಅಂತಷ್ಟೇ ಇದೆ ಮೇಡಂ. ಇನ್ನಾದ್ರೂ ಸಹಿ ಹಾಕಿ, ಮುಗಿಸೋಣ."

ಅಕ್ಕ ಪತ್ರ ಪೂರ್ತಿ ಓದಿ ಅವರ ಕೈಗೇ ಹಿಂದಿರುಗಿಸುತ್ತಾರೆ.

"ದೋಷ ಇರ್ಲಿಲ್ಲ ಸರ್. ಒಪ್ಪಂದ ಮುರಿದು ಹೇಳದೆ ಇದ್ದಿದ್ದು ನಾವು ಅಂತ ಕಂಪನಿಯೋರು ಮೊದಲು ಬರೆದುಕೊಡ್ಲಿ. ಅದರ ಕೆಳಗೆ, ಓದಿದ್ದೀನಿ ಅಂತ, ಸಹಿ ಹಾಕ್ತೀನಿ. ದೊಡ್ಡದಾಗೇ ಹಾಕ್ತೀನಿ."