ಫ್ರೇಮಿಗಾಗಿ ಕತ್ತರಿಸಿದ ಧಾಟಿ

ಹೋದ ಭಾನುವಾರ ಅಮೆರಿಕದ ಒಂದು ಹಳೇ ಹಾಳೆ ನನ್ನ ಊಟ ಕೆಡಿಸಿತು ನೋಡ್ರಿ.

ಮೊಬೈಲ್‌ನಲ್ಲಿ ಸುಮ್ಮನೆ ಏನೇನೋ ನೋಡುತ್ತಿದ್ದೆ. (ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಫೋನು. ಬೈಯಬೇಡಿ, ನಿಮ್ಮ ಮನೆಯಲ್ಲೂ ಇದೇ ಕಥೆ.) ಅಮೆರಿಕ ಇನ್ನೂ ಇಂಗ್ಲೆಂಡಿನ ಕೈಯಲ್ಲಿದ್ದ ಕಾಲದ ದೇಶಭಕ್ತಿ ಹಾಡೊಂದು ಕಣ್ಣಿಗೆ ಬಿತ್ತು. ನಿಮ್ಮ ತೆರಿಗೆ ಕೊಡೋದಿಲ್ಲ, ನಿಮ್ಮ ಚಹಾ ಬೇಡ ಅಂತ ಸಿಟ್ಟಿಗೆದ್ದವರು ಇಂಥ ಹಾಡುಗಳನ್ನು ಬಿಡಿ ಹಾಳೆಯಲ್ಲಿ ಪ್ರಿಂಟ್ ಮಾಡಿ ಹಂಚುತ್ತಿದ್ದರಂತೆ. ಈಗ ಬಲು ಅಪರೂಪ. ಯಾವುದೋ ಲೈಬ್ರರಿಯವರು ಜೋಪಾನ ಮಾಡಿ ಫೋಟೋ ಹಾಕಿದ್ದರು. ರಾಗ, ಸ್ವರ ಏನೂ ಬರೆದಿಲ್ಲ. ಮೇಲೆ ಸಣ್ಣಕ್ಷರದಲ್ಲಿ ಒಂದೇ ಸಾಲು: ಇದನ್ನು ಇಂಥ ಹಾಡಿನ ಧಾಟಿಗೆ ಹಾಡಿಕೊಳ್ಳಿ. ಅದೂ ಇಂಗ್ಲೆಂಡಿನದೇ ಧಾಟಿ. ಅವರ ಧಾಟಿಯಲ್ಲೇ ಅವರಿಗೆ ಬೈಗುಳ!

ನಕ್ಕೆ. ಆಮೇಲೆ ರೊಟ್ಟಿ ತಟ್ಟೆಗೆ ಇಟ್ಟೆ. ಅಂಥದ್ದೇ ಒಂದು ಸಾಲನ್ನು ನಾನು ಕತ್ತರಿಸಿ ಹಾಕಿಸಿದ್ದೆನಲ್ಲ?

ನಮ್ಮ ಆಯಿ, ಅಂದರೆ ಅವ್ವನ ಅವ್ವ, ಬಬಲೇಶ್ವರದವಳು. ಸ್ವಾತಂತ್ರ್ಯದ ಮುಂಚೆ, ಹುಡುಗಿಯಾಗಿದ್ದಾಗ, ಓಣಿಯ ಗೆಳತಿಯರ ಜೊತೆ ನಸುಕಿನಲ್ಲಿ ಚಳವಳಿಯ ಹಾಡು ಹೇಳುತ್ತ ಪ್ರಭಾತ ಫೇರಿ ಹೋಗುತ್ತಿದ್ದಳು. ಪರದೇಶಿ ಬಟ್ಟೆ ಬಿಡಿರಿ ಅನ್ನುವ ಹಾಡಿನ ಹಾಳೆಯೊಂದನ್ನು ಸಾಯೋತನಕ ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದಳು. ಅವಳು ಹೋದ ಮೇಲೆ ಅದು ನನ್ನ ಕೈಗೆ ಬಂತು. ನಾನೇನು ಮಾಡಿದೆ? ಸ್ಟೇಷನ್ ರಸ್ತೆಗೆ ಒಯ್ದು ಫ್ರೇಮಿಗೆ ಕೊಟ್ಟೆ.

"ಮ್ಯಾಲಿನ ಅಂಚು ಹರದೈತ್ರಿ ಸರ್. ಒಂದ ಬೆರಳಷ್ಟ ಕಟ್ ಮಾಡಿದ್ರ ಛಂದ ಕೂಡತೈತಿ," ಅಂದರು ಅಂಗಡಿಯವರು.

"ಮಾಡ್ರಿ," ಅಂದೆ. ಆ ಅಂಚಿನಲ್ಲಿ ಸಣ್ಣಗೆ "ಧಾಟಿ" ಅಂತ ಏನೋ ಇತ್ತು. ಮುಂದೆ ಓದುವ ತ್ರಾಸು ಯಾರು ತಗೊಳ್ಳಬೇಕು?

ಸೋಮವಾರವೇ ಫ್ರೇಮ್ ಗೋಡೆಯಿಂದ ಇಳಿಸಿಕೊಂಡು ವಿಜಯಪುರದಿಂದ ತಿಕೋಟಾಕ್ಕೆ ಹೋದೆ. ಅಲ್ಲಿ ನಮ್ಮ ಚಿಗವ್ವ, ಅವ್ವನ ತಂಗಿ, ಇದ್ದಾಳೆ. ಆಯಿಯ ದನಿ ಬಂದಿರೋದು ಅವಳೊಬ್ಬಳಿಗೇ. ಮದುವೆ, ಬಸುರಿಯ ಕುಬಸ, ತೊಟ್ಟಿಲು, ಯಾವುದಕ್ಕೂ ಊರಿಗೆ ಅವಳ ಹಾಡು ಬೇಕು.

"ಇದನ್ನ ಹಾಡ ಚಿಗವ್ವ," ಅಂದೆ.

ಚಷ್ಮಾ ಏರಿಸಿ ಓದಿದಳು. "ಧಾಟಿ ಯಾವ್ದೋ?"

ಕತ್ತರಿಸಿದ್ದು ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಬೀಸುವ ಪದದ ಧಾಟಿಗೆ ಹಾಡಿ ನೋಡಿದಳು. ಕೂಡಿತು. ಕೋಲಾಟದ್ದಕ್ಕೆ ಹಾಡಿದಳು. ಅದಕ್ಕೂ ಕೂಡಿತು. ಹೋಗಲಿ ಅಂದರೆ ತೊಟ್ಟಿಲ ಪದಕ್ಕೂ ಕೂಡಿತು.

"ಎಲ್ಲಾಕ್ಕೂ ಕೂಡತೈತಿ ನೋಡು. ನಮ್ಮವ್ವ ಒಲಿ ಮುಂದ ಕುಂತು ಇದನ್ನ ಹಾಡ್ಕೋತಿದ್ಲು, ಕೇಳೀನಿ. ಯಾವ ಧಾಟಿ ಅಂತ ನೆನಪಿಗಿ ಬರವಲ್ದು. ಅದರ ಹೆಸರ ಹೇಳಿದ್ರ ಈಗ ಹಾಡ್ತಿದ್ದೆ ಯಪ್ಪಾ," ಅಂದಳು.

ಖರೇ ಹೇಳ್ತೀನಿ, ನನಗೆ ಆಯಿ ಬೇಕಾಗಿದ್ದಳು. ಅವಳು ಹಾಡಿದ ಹಾಗೇ ಒಮ್ಮೆ ಕೇಳಬೇಕಿತ್ತು. ಇದ್ದಾಗ ಒಂದು ದಿನವಾದರೂ ಹಾಡು ಅಂದೆನಾ? ಇಲ್ಲ.

ಚಿಗವ್ವ ಫ್ರೇಮನ್ನು ತನ್ನ ಹತ್ತಿರವೇ ಇಟ್ಟುಕೊಂಡಳು. ಈಗ ದಿನಾ ಸಂಜೆ ಫೋನ್ ಮಾಡುತ್ತಾಳೆ. ಹಲೋ ಇಲ್ಲ, ಏನಿಲ್ಲ, ಹೊಸದೊಂದು ಧಾಟಿಯಲ್ಲಿ ಸೀದಾ ಹಾಡು. ಇದೇ ಇರಬೇಕು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಇದಲ್ಲ ತಗಿ," ಅಂತ ಇಟ್ಟುಬಿಡುತ್ತಾಳೆ.

ಒಂದು ಬೆರಳಷ್ಟು ಕಾಗದದಲ್ಲಿ ಆಯಿ ಇಷ್ಟೊಂದು ಇದ್ದಳು ಅಂತ ಆವತ್ತು ನನಗೆ ಯಾಕೆ ತಿಳಿಯಲಿಲ್ಲ?