ಮೂರು ಸಲ ನೋಡಿದ ಬಿ.ಪಿ.

ನಮ್ಮ ನಡುಮನೆಯ ಗಾಜಿನ ಕಪಾಟಿನಲ್ಲಿ ಐದು ಪದಕಗಳಿವೆ. ಐದೂ ಮೊದಲ ಸ್ಥಾನದವು. ಬಂದ ನೆಂಟರು ಮೂಗಿನ ಮೇಲೆ ಬೆರಳಿಡುತ್ತಾರೆ. ಕೆಳಗೆ 'ಎಪ್ಪತ್ತು ದಾಟಿದ ಮಹಿಳೆಯರ ವಿಭಾಗ' ಎಂದು ಓದಿದ ಮೇಲಂತೂ ನನ್ನ ಕೈ ಕುಲುಕದೆ ಬಿಡುವುದಿಲ್ಲ. ಆ ವಿಭಾಗದಲ್ಲಿ ಒಟ್ಟು ಎಷ್ಟು ಜನ ಓಡಿದ್ದರು ಎಂದು ಇದುವರೆಗೆ ಯಾರೂ ಕೇಳಿಲ್ಲ. ನಾನಾಗಿ ಹೇಳುವಷ್ಟು ದಡ್ಡಿಯೂ ನಾನಲ್ಲ. ಐದು ಸಲವೂ ಓಡಿದ್ದು ನಾನೊಬ್ಬಳೇ.

ನಾನು ಧಾರವಾಡದ ಕಡೆಯವಳು, ವೃತ್ತಿಯಿಂದ ವೈದ್ಯೆ. ಗಂಡನಿಗೆ ತುಂಬ ಎಂಬ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ ಸಿಕ್ಕಿತೆಂದು ತಿರುವನಂತಪುರಕ್ಕೆ ಬಂದು, ಉಳ್ಳೂರಿನಲ್ಲಿ ಮನೆ ಮಾಡಿ, ಮುಂದಿನ ಕೋಣೆಯಲ್ಲೇ ಕ್ಲಿನಿಕ್ ತೆರೆದೆ. ಸಕ್ಕರೆ ಕಾಯಿಲೆಯವರಿಗೆಲ್ಲ ದಿನಾ ನಡೆಯಿರಿ, ದಿನಾ ನಡೆಯಿರಿ ಎಂದು ಹೇಳುವುದು ನನ್ನ ಕೆಲಸ. ನನಗೆ ಐವತ್ತೈದಾಗಿದ್ದಾಗ ಒಬ್ಬ ರೋಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಡಾಕ್ಟರ್ ನಡೆಯುತ್ತೀರಾ?" ಎಂದು ಕೇಳಿದ. ಮೈಯೆಲ್ಲ ಉರಿದುಹೋಯಿತು. ಮರುದಿನವೇ ನಡೆಯಲು ಹೊರಟೆ. ಒಂದು ವಾರ ನಡೆದರೂ ಸಿಟ್ಟು ಇಳಿಯಲಿಲ್ಲ, ಹಾಗಾಗಿ ಓಡಿದೆ. ಅರವತ್ತೆಂಟರವರೆಗೆ ಪೂರ್ತಿ ನಲವತ್ತೆರಡು ಕಿಲೋಮೀಟರ್ ಮ್ಯಾರಥಾನ್ ಓಡುತ್ತಿದ್ದೆ. ಆಮೇಲೆ ಮೊಣಕಾಲು ತಕರಾರು ತೆಗೆದದ್ದರಿಂದ ಅರ್ಧಕ್ಕೆ ಒಪ್ಪಂದ ಮಾಡಿಕೊಂಡೆ. ಓಟ ಎಂದರೆ ಬಹಳ ಕಲ್ಪಿಸಿಕೊಳ್ಳಬೇಡಿ. ನಾನು ಓಡುತ್ತಿರುವಾಗ ಆಟೋದವರು ಪಕ್ಕದಲ್ಲಿ ನಿಧಾನಿಸಿ, ಎಲ್ಲಿಗೆ ಬಿಡಬೇಕು ಎಂದು ಕೇಳಿದ್ದುಂಟು.

ಎಪ್ಪತ್ತು ತುಂಬಿದ್ದೇ ತಡ, ನನ್ನ ಅದೃಷ್ಟ ಖುಲಾಯಿಸಿತು. ಆ ವಯಸ್ಸಿನ ಹೆಂಗಸರು ಯಾರೂ ಓಡುತ್ತಿರಲಿಲ್ಲ. ಗೆರೆ ದಾಟಿದರೆ ಸಾಕು, ಮೊದಲ ಬಹುಮಾನ ನನ್ನದೇ. ಫೋಟೋದಲ್ಲಿ ನಾನು ನಡುವಿನ ಎತ್ತರದ ಮೆಟ್ಟಿಲ ಮೇಲೆ ಕೈಯೆತ್ತಿ ನಿಂತಿದ್ದೇನೆ, ಎಡಬಲದ ಎರಡು ಮೆಟ್ಟಿಲು ಖಾಲಿ. ಅದನ್ನು ನೋಡಿದ ನನ್ನ ಗಂಡ, "ಆಜೂಬಾಜೂ ಎರಡು ಹೂವಿನ ಕುಂಡಾದ್ರೂ ಇಡಬೇಕಿತ್ತು ಅವ್ರು. ಭಾಳ ಬೋಳು ಕಾಣ್ತದ" ಅಂದರು. ಎರಡು ದಿನ ನಾನು ಅವರೊಡನೆ ಮಾತು ಬಿಟ್ಟಿದ್ದೆ.

ಹೋದ ವರ್ಷ ಕೊಚ್ಚಿಯ ಓಟಕ್ಕೆ ಮೂರು ವಾರ ಇರುವಾಗ ಒಬ್ಬ ಹೆಂಗಸು ಕ್ಲಿನಿಕ್ಕಿಗೆ ಬಂದಳು. ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ತುಂಬದ ಕಡಲ ದಂಡೆಯಿಂದ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಮ್ಮ ಬೀದಿಗೆ ವರ್ಷಗಟ್ಟಲೆ ಬಂದವಳು. ನಾವು ಮೀನು ತಿನ್ನದವರಾದ್ದರಿಂದ ನಮ್ಮ ಗೇಟಿನ ಮುಂದೆ ಮಾತ್ರ ಕೂಗು ನಿಲ್ಲಿಸಿ ಮುಂದೆ ಹೋಗುತ್ತಿದ್ದಳು. ನಮ್ಮಿಬ್ಬರ ನಡುವೆ ಅಷ್ಟೇ ಪರಿಚಯ. ಈಗ ವ್ಯಾಪಾರ ಬಿಟ್ಟಿದ್ದಾಳಂತೆ. ಕಾಲೇಜಿನಲ್ಲಿ ಓಡುವ ಮೊಮ್ಮಗಳು ಅಜ್ಜಿಯ ಹೆಸರನ್ನೂ ಯಾವುದೋ ಓಟಕ್ಕೆ ಕೊಟ್ಟುಬಿಟ್ಟಿದ್ದಾಳೆ, ಡಾಕ್ಟರ ಸಹಿ ಬೇಕು ಎಂದು ಮಲಯಾಳದಲ್ಲಿ ಹೇಳಿ ಒಂದು ಹಾಳೆ ಮುಂದಿಟ್ಟಳು.

ನಾನು ಓದಿದೆ. ಕೊಚ್ಚಿ. ಇಪ್ಪತ್ತೊಂದು ಕಿಲೋಮೀಟರ್. ವಯಸ್ಸು ಎಪ್ಪತ್ತೊಂದು.

ನನ್ನ ವಿಭಾಗ! ನನ್ನ ಖಾಸಗಿ ಆಸ್ತಿಯಂತಿದ್ದ ವಿಭಾಗಕ್ಕೆ ಈಕೆ ನನ್ನ ಸಹಿ ಪಡೆದೇ ನುಗ್ಗಲು ಬಂದಿದ್ದಳು. ನಾನು ನಗುತ್ತ ಆಕೆಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದೆ. ಮನಸ್ಸಿನಲ್ಲಿ ಏನಿತ್ತು ಎಂದು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಬಿ.ಪಿ. ಜಾಸ್ತಿ ಇರಲಿ, ಇನ್ನೂ ಜಾಸ್ತಿ ಇರಲಿ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ.

ನೂರ ನಲವತ್ತೆಂಟು ಬಂತು. ಆಸೆ ಚಿಗುರಿತು. ಇದೊಂದೇ ಅಂಕಿ ಹಿಡಿದುಕೊಂಡು ಓಡಬೇಡ ಎನ್ನುವ ಹಾಗಿಲ್ಲ, ಇನ್ನೊಂದು ಸಲ ನೋಡಬೇಕು. ಐದು ನಿಮಿಷ ಕೂರಿಸಿ ನೋಡಿದೆ. ನೂರ ನಲವತ್ತು. ಇದೇನು ಇಳಿಯುತ್ತಿದೆಯಲ್ಲ ಎಂದು ಗಾಬರಿಯಾಗಿ, ಇನ್ನೊಂದು ತೋಳಿಗೆ ಕಟ್ಟಿ ಮೂರನೆಯ ಸಲ ನೋಡಿದೆ. ನೂರ ಮೂವತ್ತೆರಡು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಎಲ್ಲಾದರೂ ಒಂದು ಅಪಸ್ವರ ಕೇಳೀತೇ ಎಂದು ಕಣ್ಣು ಮುಚ್ಚಿ ಹುಡುಕಿದೆ. ಗಡಿಯಾರವೂ ಅಷ್ಟು ಚೆನ್ನಾಗಿ ನಡೆಯಲಾರದು. ಇ.ಸಿ.ಜಿ. ಮಾಡಿಸಿಕೊಂಡು ಬಾ ಎಂದು ಕಳಿಸಿದೆ, ಅದೂ ಚೊಕ್ಕವಾಗಿ ಬಂತು. ಮೂರನೆಯ ಸಲ ಪಟ್ಟಿ ಕಟ್ಟುವಾಗಲೇ ಬಾಗಿಲಲ್ಲಿ ಪೇಪರ್ ಹಿಡಿದು ನಿಂತಿದ್ದ ಗಂಡ ಕನ್ನಡದಲ್ಲಿ, "ಅದೇನ್ ಬಿ.ಪಿ. ನೋಡ್ಲಿಕತ್ತೀಯೋ, ಕಬ್ಬು ಹಿಂಡ್ಲಿಕತ್ತೀಯೋ?" ಎಂದು ಕೇಳಿದ್ದರು. ಬೇರೆ ದಾರಿ ಕಾಣದೆ ಸಹಿ ಹಾಕಿದೆ. ನಾನೂ ಅದೇ ಓಟಕ್ಕೆ ಹೋಗುತ್ತಿದ್ದೇನೆ ಎಂದಾಗ ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು.

ಕೊಚ್ಚಿಯಲ್ಲಿ ನಾವು ಇಳಿದುಕೊಳ್ಳುವುದು ತ್ರಿಪ್ಪುಣಿತ್ತುರದ ಮಗಳ ಮನೆಯಲ್ಲಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಮಲಯಾಳದಲ್ಲಿ. "ಈ ಸಲ ಇಬ್ಬರಿದ್ದೀರಂತೆ" ಎಂದು ಅವಳೂ ನಕ್ಕಳು. ಆ ಮೂರು ವಾರ ನಾನು ಎಂದೂ ಓಡದಷ್ಟು ಓಡಿದ್ದೆ. ಹದಿನೆಂಟು ವರ್ಷದ ಅನುಭವ ನನ್ನದು, ಆಕೆಗೆ ಇದು ಮೊದಲ ಓಟ, ಸೋಲುವ ಮಾತೇ ಇಲ್ಲ ಎಂದುಕೊಂಡಿದ್ದೆ. ನಲವತ್ತು ವರ್ಷ ಬುಟ್ಟಿ ಹೊತ್ತು ನಡೆದದ್ದನ್ನು ಅನುಭವದ ಲೆಕ್ಕಕ್ಕೆ ಸೇರಿಸಲು ನನಗೆ ತೋಚಿರಲಿಲ್ಲ.

ಏಳನೆಯ ಕಿಲೋಮೀಟರಿನಲ್ಲಿ ಆಕೆ ನನ್ನನ್ನು ದಾಟಿದಳು. ಕಾಲಿನಲ್ಲಿ ಮೊಮ್ಮಗಳ ಹಳೆಯ ಶೂ. ಬೆನ್ನು ನೆಟ್ಟಗೆ, ಕುತ್ತಿಗೆ ಅಲುಗಾಡುವುದಿಲ್ಲ, ತಲೆಯ ಮೇಲೆ ಇನ್ನೂ ಬುಟ್ಟಿ ಇದ್ದ ಹಾಗೆ. ದಾಟುವಾಗ "ಡಾಕ್ಟರೇ, ಮೆಲ್ಲಗೆ ಬನ್ನಿ, ಅವಸರ ಇಲ್ಲ" ಎಂದು ಕಾಳಜಿಯಿಂದ ಹೇಳಿಹೋದಳು. ಸೇತುವೆಯ ಏರಿನಲ್ಲಿ ಆಕೆಯ ಬೆನ್ನು ಒಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ.

ಎರಡನೆಯ ಮೆಟ್ಟಿಲು ಹತ್ತಿದೆ. ಇಬ್ಬರಲ್ಲಿ ಎರಡನೆಯವಳೆಂದರೆ ಕೊನೆಯವಳು ಎಂಬುದು ಅಲ್ಲಿ ನಿಂತ ಮೇಲೆ ಹೊಳೆಯಿತು. ಕೆಳಗಿನಿಂದ ಗಂಡ, "ಈ ಸಲ ಒಂದಽ ಕುಂಡ ಸಾಕು!" ಎಂದು ಕೂಗಿದರು. ಪುಣ್ಯಕ್ಕೆ ಅಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ.

ಮೊಮ್ಮಗಳು ತನ್ನ ಕಾಲೇಜಿನ ಗೆಳತಿಯರೊಡನೆ ಹಿಂದೆ ಉಳಿದಳು. ಆಕೆಯ ರೈಲು ತ್ರಿಪ್ಪುಣಿತ್ತುರದಿಂದಲೇ ಇದ್ದುದರಿಂದ ಅಜ್ಜಿ, ನಾನು, ನನ್ನ ಗಂಡ ಮೂವರೂ ಒಂದೇ ಮೆಟ್ರೋದಲ್ಲಿ ಕೂತೆವು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆಕೆ ಪದಕವನ್ನು ಸೆರಗಿನಿಂದ ಒರೆಸುತ್ತ ನನ್ನ ಗಂಡನಿಗೆ ಹೇಳತೊಡಗಿದಳು.

"ಸಾರ್, ಆಸ್ಪತ್ರೆಯಲ್ಲಿ ನಮ್ಮಂಥವರ ಮುಖ ಯಾರು ನೋಡುತ್ತಾರೆ? ಪಟ್ಟಿ ಕಟ್ಟುತ್ತಾರೆ, ಬಿಚ್ಚುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. ಡಾಕ್ಟರು ನನ್ನನ್ನು ಮೂರು ಸಲ ನೋಡಿದರು. ಹೆತ್ತ ಮಕ್ಕಳೂ ಅಷ್ಟು ನೋಡುವುದಿಲ್ಲ. ಆ ಸೇತುವೆ ಹತ್ತುವಾಗ ಉಸಿರು ಕಟ್ಟಿ, ನಿಂತುಬಿಡೋಣ ಅನ್ನಿಸಿತು. ಡಾಕ್ಟರು ಮೂರು ಸಲ ನೋಡಿದ್ದಾರೆ, ನನಗೇನೂ ಆಗುವುದಿಲ್ಲ ಅಂದುಕೊಂಡು ಓಡಿಬಿಟ್ಟೆ."

ನನ್ನ ಗಂಡ ಏನಾದರೂ ಅಂದುಬಿಡುತ್ತಾರೆ ಎಂದು ಕಾದೆ. ಜೀವಮಾನದಲ್ಲಿ ಒಂದು ಅವಕಾಶ ಬಿಟ್ಟವರಲ್ಲ. ಆ ದಿನ ಮಾತ್ರ ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡುತ್ತ ಕೂತರು. ಅವರು ಅಂದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ನಾನು ಎಲ್ಲರಿಗೂ ಮೂರು ಸಲವೇ ನೋಡುವುದು" ಎಂದೆ.

ಹಸಿ ಸುಳ್ಳು. ಅದನ್ನು ನಿಜ ಮಾಡದೆ ವಿಧಿಯಿರಲಿಲ್ಲ. ಅಂದಿನಿಂದ ಯಾರೇ ಬಂದರೂ ಕೂರಿಸಿ ಮೂರು ಸಲ ಬಿ.ಪಿ. ನೋಡುತ್ತೇನೆ. ಹೊರಗೆ ಕಾಯುವವರು ಗೊಣಗುತ್ತಾರೆ, ಊಟ ತಡವಾಗುತ್ತದೆ. ತಿಂಗಳಿಗೊಮ್ಮೆ ಆಕೆಯೂ ಬಂದು, ನಾನು ಕೇಳುವ ಮೊದಲೇ ತೋಳು ಚಾಚಿ ಕೂರುತ್ತಾಳೆ. ಕಡಿಮೆ ಇರಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತ ಪಟ್ಟಿ ಸುತ್ತುತ್ತೇನೆ.