ಹುಲ್ಲಿರುವ ಡಿವಿಜನ್ನು

ಮದುವೆಮನೆಯ ಊಟದಲ್ಲಿ ನಾನು ಯಾವತ್ತೂ ಕೊನೆಯ ಪಂಕ್ತಿಯವಳು. ಮೊದಲ ಪಂಕ್ತಿಯಲ್ಲಿ ಬೀಗರು, ಅಳಿಯಂದಿರು, ದುಡ್ಡಿದ್ದವರು, ದುಡ್ಡಿದೆ ಎಂದು ಹೇಳಿಕೊಂಡು ತಿರುಗುವವರು. ನಾವು ಹೆಂಗಸರು ಬಡಿಸಿ ಬಡಿಸಿ ಸೊಂಟ ಹಿಡಿದ ಮೇಲೆ, ಪಾಯಸದ ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸುವಾಗ, ನಮಗೆ ಎಲೆ ಬೀಳುತ್ತದೆ. ಮೊದಲ ಪಂಕ್ತಿಯವರು ಹೋಳಿಗೆ ಮುರಿದು ಬಿಟ್ಟರೂ, ಅಡುಗೆಯವನನ್ನು ಬೈದರೂ, ಕೂತಲ್ಲೇ ತೂಕಡಿಸಿದರೂ ಮುಂದಿನ ಮದುವೆಯಲ್ಲಿ ಮತ್ತೆ ಅಲ್ಲೇ ಕೂರುತ್ತಾರೆ. ಅವರನ್ನು ಎಬ್ಬಿಸುವ ಕಾನೂನು ಯಾವ ಶಾಸ್ತ್ರದಲ್ಲೂ ಇಲ್ಲ. ಶಾಸ್ತ್ರ ಬರೆದವರೂ ಮೊದಲ ಪಂಕ್ತಿಯವರೇ ಇದ್ದಿರಬೇಕು.

ಹೀಗಿರುವಾಗ ಒಂದು ಸಂಜೆ ಮೊಮ್ಮಗಳು ಮೊಬೈಲಿನಲ್ಲಿ ಯಾವುದೋ ದೇಶದ ಫುಟ್‌ಬಾಲ್ ನೋಡುತ್ತ ಕೂತಿದ್ದಳು. ಇಣುಕಿದರೆ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಗಂಡಸರು ಅಂಗಿ ಎತ್ತಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

“ಯಾರು ಸತ್ರೇ?” ಅಂದೆ.

“ಯಾರೂ ಸತ್ತಿಲ್ಲಜ್ಜಿ. ಕೆಳಗಿನ ಲೀಗಿಗೆ ಹೋದ್ರು. ವರ್ಷದ ಕೊನಿಗೆ ತಳದಾಗಿದ್ದ ಮೂರು ಟೀಮು ಕೆಳಗಿಳೀಬೇಕು. ಅಲ್ಲಿ ಚೆನ್ನಾಗಿ ಆಡಿದ ಮೂರು ಮ್ಯಾಲೆ ಬರ್ತಾವು.”

“ದುಡ್ಡಿದ್ದೋರು?”

“ದುಡ್ಡಿದ್ರೂ ಇಳೀಬೇಕು.”

“ಅವರಪ್ಪ ಎಮ್ಮೆಲ್ಲೆ ಆಗಿದ್ರೆ?”

“ಆದ್ರೂ ಇಳೀಬೇಕಜ್ಜಿ!”

ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟೆ. ಇಂಥ ಮಾತನ್ನು ಇಷ್ಟು ವರ್ಷ ನನಗೆ ಯಾರೂ ಹೇಳದೆ ಮುಚ್ಚಿಟ್ಟಿದ್ದರಲ್ಲ!

ನಮ್ಮ ದೇಶದಲ್ಲಿ ಹೇಗೆ ಎಂದು ಕೇಳಿದೆ. ಅವಳು ನೆಲದ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದಳು. ಎಲ್ಲಕ್ಕೂ ಕೆಳಗೆ ಜಿಲ್ಲೆಯ ಲೀಗು, ಅದರ ಮೇಲೆ ರಾಜ್ಯದ್ದು, ಅದರ ಮೇಲೆ ದೇಶದ್ದು, ಅದರಲ್ಲೂ ಮತ್ತೆ ಡಿವಿಜನ್ ಎನ್ನುವ ಮೆಟ್ಟಿಲು. ತುತ್ತತುದಿಯ ಲೀಗಿನಲ್ಲಿ ಮಾತ್ರ ಬಹಳ ವರ್ಷ ಯಾರೂ ಇಳಿಯುತ್ತಲೇ ಇರಲಿಲ್ಲವಂತೆ. ಕೊನೆಗೆ ಬಂದವರೂ ಮುಂದಿನ ವರ್ಷ ಅಲ್ಲೇ ಆಡುತ್ತಿದ್ದರಂತೆ.

“ಗೊತ್ತಾತು ಬಿಡು,” ಅಂದೆ. “ಅದು ನಮ್ಮ ಮದುವಿ ಊಟ.”

ಅಂದಿನಿಂದ ನನಗೆ ಎಲ್ಲೆಲ್ಲೂ ಡಿವಿಜನ್ನೇ ಕಾಣತೊಡಗಿತು. ಬೆಟ್ಟದ ಮೇಲೆ ಚಿನ್ನದ ಕಳಸ ಇಟ್ಟುಕೊಂಡು ಕೂತ ದೇವರುಗಳೆಲ್ಲ ಮೇಲಿನ ಡಿವಿಜನ್. ನಮ್ಮ ಊರಮ್ಮ, ಪಾಪ, ತಗಡಿನ ಚಾವಣಿಯಡಿ ವರ್ಷಕ್ಕೊಂದು ಕೋಳಿಗೆ ಕಾಯುತ್ತ ತಳದ ಡಿವಿಜನ್. ನಮ್ಮ ಯಜಮಾನರು ಮದುವೆಯಾದ ವರ್ಷ ಮೇಲಿದ್ದರು. ಇಳಿದವರು ಮತ್ತೆ ಹತ್ತಲೇ ಇಲ್ಲ. ಈ ಮಾತನ್ನು ಅವರಿಗೇ ಹೇಳಿದೆ. ಎಲೆಗೆ ಸುಣ್ಣ ಸವರುತ್ತ, “ನಾ ಇಲ್ಲೇ ಆರಾಮ್ ಅದೀನಿ, ನೀನು ನಿನ್ನ ಸಾರು ನೋಡ್ಕ,” ಅಂದರು.

ಇಷ್ಟಕ್ಕೂ ಇದು ಬರೀ ಮೊಬೈಲಿನ ಆಟವಾಗಿರಲಿಲ್ಲ. ಮೊಮ್ಮಗಳೇ ಗೋಲ್‌ಕೀಪರ್. ತಾಳಗುಂದದ ಕಡೆಯ ನಮ್ಮ ಹಳ್ಳಿಯಿಂದ ಬಸ್ಸು ಹತ್ತಿ ಶಿರಾಳಕೊಪ್ಪಕ್ಕೆ ಹೋಗಿ ಆಡುತ್ತಾಳೆ. ಅಲ್ಲಿ ಚಪ್ಪಲಿ ಅಂಗಡಿಯ ಸಾಹೇಬರು ಶಿಕಾರಿಪುರ ತಾಲೂಕಿನ ಹುಡುಗಿಯರ ತಂಡ ಕಟ್ಟಿದ್ದಾರೆ. ಬೂಟು ಮಾರಲು ತಂಡ ಕಟ್ಟಿದರೆಂದು ಜನ ಆಡಿಕೊಂಡರು. ಆಮೇಲೆ ನೋಡಿದರೆ ಸಾಹೇಬರು ಬೂಟುಗಳನ್ನು ಸುಮ್ಮನೆ ಹಂಚಿಬಿಟ್ಟಿದ್ದರು.

ಜಿಲ್ಲೆಯ ಹುಡುಗಿಯರ ಲೀಗಿಗೆ ಎರಡೇ ಮೆಟ್ಟಿಲು. ಮೇಲಿನ ಡಿವಿಜನ್ನಿನವರು ಶಿವಮೊಗ್ಗದಲ್ಲಿ ಹುಲ್ಲಿನ ಮೈದಾನದಲ್ಲಿ ಆಡುತ್ತಾರೆ. ಕೆಳಗಿನವರು ಎಲ್ಲಿ ಖಾಲಿ ಜಾಗ ಸಿಕ್ಕಿತೋ ಅಲ್ಲಿ: ಜಲ್ಲಿಕಲ್ಲು, ಗಟ್ಟಿ ಕೆಮ್ಮಣ್ಣು, ಒಣಗಿದ ಸಗಣಿ. ವರ್ಷಕ್ಕೆ ಕೆಳಗಿನಿಂದ ಒಂದೇ ತಂಡ ಮೇಲೆ ಹೋಗುವುದು.

ಗೋಲ್‌ಕೀಪರ್ ಅಂದರೆ ಬೀಳುವ ಕೆಲಸ. ಬೇರೆಯವರು ಓಡುತ್ತಾರೆ, ಒದೆಯುತ್ತಾರೆ, ನಮ್ಮವಳು ಬೀಳುತ್ತಾಳೆ. ಮೊಣಕೈಯ ಹಳೆಯ ಹಕ್ಕಳೆ ಉದುರುವ ಮೊದಲೇ ಹೊಸ ಗಾಯ. ಆಡಿ ಬಂದ ದಿನವೆಲ್ಲ ನಾನು ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಬೇಕು, ಅವಳು ಹಲ್ಲು ಕಚ್ಚಿಕೊಂಡು ಕೂರಬೇಕು. ಹಾಗೆ ಹಚ್ಚುವಾಗಲೇ ಒಮ್ಮೆ ಹೇಳಿದಳು: “ಅಜ್ಜಿ, ನಂಗೆ ಕಪ್ಪು ಗಿಪ್ಪು ಬ್ಯಾಡ. ಒಂದ್ಸಲ ಹುಲ್ಲಿನ ಮ್ಯಾಲೆ ಬೀಳಬೇಕು ನೋಡು.”

ಆ ಲೀಗಿನಲ್ಲಿ ಅವಳು ಆಡಬಹುದಾದದ್ದು ಇನ್ನು ಮುಂದಿನ ವರ್ಷ ಒಂದೇ, ಆಮೇಲೆ ವಯಸ್ಸು ಮುಗಿಯುತ್ತದೆ. ಈ ಸಲ ತಂಡ ಮೇಲೆ ಹತ್ತದಿದ್ದರೆ ಹುಲ್ಲಿಲ್ಲ. ಅಷ್ಟೇ ವಿಷಯ. ಅವತ್ತಿನಿಂದ ನನಗೆ ರಾತ್ರಿ ಕಣ್ಣು ಮುಚ್ಚಿದರೆ ಹುಲ್ಲೇ ಕಾಣುತ್ತಿತ್ತು, ಎಮ್ಮೆಗೆ ಕಂಡ ಹಾಗೆ.

ಕೊನೆಯ ಪಂದ್ಯ ಸೊರಬ ತಾಲೂಕಿನ ಹುಡುಗಿಯರ ಮೇಲೆ, ಆನವಟ್ಟಿ ಹತ್ತಿರದ ಮೈದಾನದಲ್ಲಿ. ನಾವು ಸಮ ಮಾಡಿಕೊಂಡರೂ ಮೇಲೆ. ಅವರು ಗೆದ್ದರೆ ಅವರು ಮೇಲೆ. ತಮಾಷೆ ಏನೆಂದರೆ ಅದು ನನ್ನ ತವರೂರು. ಸೊರಬದ ಪರವಾಗಿ ಮುಂದೆ ನಿಂತು ಗೋಲು ಹೊಡೆಯುವವಳು ನನ್ನ ಖಾಸಾ ತಮ್ಮನ ಮೊಮ್ಮಗಳು.

ಹೊರಡುವ ಮುಂಚೆ ಊರಮ್ಮನ ಮುಂದೆ ನಿಂತೆ. “ನೋಡು ತಾಯಿ, ಹುಡುಗಿ ಹತ್ತಿದ್ರೆ ನಿಂಗೆ ಹಸಿರು ಸೀರೆ. ಹತ್ತಲಿಲ್ಲ ಅಂದ್ರೆ ನಿನ್ನೂ ಇಳಿಸ್ತೀನಿ. ಇದಕ್ಕಿಂತ ಕೆಳಗೆ ಜಾಗ ಎಲ್ಲೈತಿ ಅಂತ ನೀನೇ ಹುಡುಕ್ಕ,” ಎಂದು ಹೇಳಿ ಕುಂಕುಮ ಇಟ್ಟುಕೊಂಡು ಬಸ್ಸು ಹತ್ತಿದೆ.

ಮೈದಾನಕ್ಕೆ ಹೋಗಿ ನೋಡಿದರೆ ಒಂದು ಅಂಚಿನ ಉದ್ದಕ್ಕೂ ಟಾರ್ಪಾಲು ಹಾಸಿ ಮೆಕ್ಕೆಜೋಳ ಒಣಹಾಕಿದೆ. ಬಂಗಾರ ಹರಡಿದ ಹಾಗೆ. ಪಕ್ಕದಲ್ಲಿ ಕೊಡೆ ಊರಿಕೊಂಡು ನನ್ನ ತಮ್ಮ. ಜೋಳ ಅವನದೇ. ಪಂದ್ಯದ ಮಟ್ಟಿಗೆ ತೆಗೆಯಪ್ಪಾ ಎಂದು ಅವನ ಊರಿನವರೇ ಕೇಳಿಕೊಂಡಿದ್ದರಂತೆ. “ಚೆಂಡು ಗೆರೆ ಒಳಗಿರ್ಬೇಕು. ಹೊರಗೆ ಬಂದ್ರೆ ಅದೆಂಥ ಆಟ?” ಎಂದು ಕಳಿಸಿದ್ದನಂತೆ.

“ಅಕ್ಕ, ಯಾರ ಪರ ನೀನು?” ಎಂದು ಕೇಳಿದ.

“ಉಂಡ ಮನೆ ಪರ ಕಣೋ.”

“ಹುಟ್ಟಿದ ಮನೆ?”

“ಅಲ್ಲಿ ನಂಗೆ ಯಾವಾಗ ಮೊದಲನೇ ಪಂಕ್ತೀಲಿ ಹಾಕಿದ್ರಿ?”

ಆಟ ಶುರುವಾಯಿತು. ಅವರದೊಂದು ಗೋಲು, ನಮ್ಮದೊಂದು ಗೋಲು. ಅವರ ಗೋಲು ಹೊಡೆದವಳು ತಮ್ಮನ ಮೊಮ್ಮಗಳೇ, ಜಿಂಕೆಯ ಹಾಗೆ ಓಡುತ್ತಾಳೆ. ಹೊಟ್ಟೆ ಉರಿದರೂ ಒಳಗೊಳಗೆ, ನಮ್ಮ ವಂಶದ ಕಾಲು ಎಂದುಕೊಂಡೆ. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಸೊರಬದವರು ಜೇನು ಎದ್ದ ಹಾಗೆ ಮೇಲೆ ಬಿದ್ದರು. ನಮ್ಮವಳು ಬಲಕ್ಕೆ ಬಿದ್ದಳು, ಎಡಕ್ಕೆ ಬಿದ್ದಳು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಹಿಡಿದ ಚೆಂಡನ್ನು ಸಿಟ್ಟಿನಿಂದ ಎತ್ತಿ ಒದ್ದಳು ನೋಡಿ, ಅದು ಗೆರೆ ದಾಟಿ ಸೀದಾ ಜೋಳದ ನಡುವೆ ಹೋಗಿ ಕೂತಿತು.

ಕೆಳಗಿನ ಡಿವಿಜನ್ನಿಗೆ ಚೆಂಡು ಒಂದೇ. ಹೊರಗೆ ಒದ್ದವರು ನಾವಾದ್ದರಿಂದ ಅದನ್ನು ತಂದು ಒಳಗೆ ಎಸೆಯಬೇಕಾದವರು ಸೊರಬದವರು. ತಮ್ಮನ ಮೊಮ್ಮಗಳು ಓಡಿಬಂದಳು.

“ನಿಲ್ಲೇ!” ತಮ್ಮ ಕೊಡೆ ಅಡ್ಡ ಹಿಡಿದ. “ಬೂಟಲ್ಲಿ ತುಳಿತೀಯಾ? ಲಕ್ಷ್ಮಿ ಕಣೆ ಅದು!”

“ಅಜ್ಜಾ, ಟೈಮಿಲ್ಲ! ಬೇಗ ತೆಗ್ದು ಎಸಿ!”

“ತಡಿಯೇ ಮಾರಾಯ್ತಿ, ಚಪ್ಲಿ ಬಿಡ್ಬೇಕಲ್ಲ.”

ಚಪ್ಪಲಿ ಬಿಟ್ಟ. ಪಂಚೆ ಎತ್ತಿ ಕಟ್ಟಿದ. ಕಾಳು ಸಿಡಿಯದ ಹಾಗೆ ಪಾದದಿಂದ ದಾರಿ ಸರಿಸುತ್ತ, ಗರ್ಭಗುಡಿಗೆ ಹೋದ ಪೂಜಾರಿಯಂತೆ ಹೋಗಿ, ಚೆಂಡೆತ್ತಿ, ಅದಕ್ಕೆ ಅಂಟಿದ ಕಾಳನ್ನು ಕೊಡವಿ ಮತ್ತೆ ರಾಶಿಗೇ ಹಾಕಿದ. ಅಷ್ಟು ಹೊತ್ತೂ ರೆಫರಿಯ ಗಡಿಯಾರ ಓಡುತ್ತಲೇ ಇತ್ತು.

ನನ್ನ ತಲೆಯೊಳಗೆ ದೀಪ ಹತ್ತಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಲಿನ ಹಿಂದೆ ಓಡಿದೆ. “ಲೇ ಹುಡುಗಿ! ಜ್ವಾಳಕ್ಕೆ ಹೊಡಿಯೇ! ಜ್ವಾಳಕ್ಕೆ!”

ಮೊಮ್ಮಗಳು ತಿರುಗಿ ನೋಡಿ ಹಲ್ಲು ಕಿರಿದಳು. ಆಮೇಲೆ ಹಿಡಿದ ಚೆಂಡೆಲ್ಲ ಜೋಳಕ್ಕೇ. ತಮ್ಮ ಚಪ್ಪಲಿ ಬಿಡುವುದು, ಪಂಚೆ ಕಟ್ಟುವುದು, ಕಾಳು ಕೊಡವುವುದು. ಆನವಟ್ಟಿಯ ಹುಡುಗರೆಲ್ಲ ಒಂದೇ ದನಿಯಲ್ಲಿ, “ಯಜಮಾನ್ರೇ, ಜೋಳ ಹಾಳಾಗೋಗ್ಲಿ, ಚೆಂಡು ಕೊಡ್ರೀ!” ಎಂದು ಕೂಗಿದರು. ಅವನಿಗೆ ಕೇಳಿಸಿದ್ದು “ಜೋಳ ಹಾಳಾಗೋಗ್ಲಿ” ಎನ್ನುವುದು ಮಾತ್ರ. “ಯಾವನೋ ಅವನು?” ಎಂದು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಜಗಳಕ್ಕೆ ಹೋದ.

ಹೋದ ಹೊತ್ತನ್ನು ಕೊಡಿ ಎಂದು ಸೊರಬದವರು ರೆಫರಿಯನ್ನು ಸುತ್ತುವರಿದರು. ಆತ ಎರಡು ನಿಮಿಷ ಕೊಟ್ಟ. ಆ ಎರಡು ನಿಮಿಷವೂ ಜೋಳದೊಳಗೇ ಹೋಯಿತು. ರೆಫರಿ ಸೀಟಿ ಊದಿದ. ನಾವು ಮೇಲೆ!

ಸಾಹೇಬರು ಟೋಪಿ ತೆಗೆದು ಆಕಾಶಕ್ಕೆ ಎಸೆದರು. ನಾನು ಸಿಕ್ಕವರನ್ನೆಲ್ಲ ತಬ್ಬಿಕೊಂಡೆ. ಒಬ್ಬ ಐಸ್‌ಕ್ಯಾಂಡಿ ಮಾರುವವನನ್ನೂ ತಬ್ಬಿಕೊಂಡೆನೆಂದು ಆಮೇಲೆ ಗೊತ್ತಾಯಿತು.

ತಮ್ಮ ಚೆದುರಿದ ಕಾಳು ಆರಿಸುತ್ತ ಕೂತ. ಅವನ ಹೆಂಡತಿ ಬಂದು ಅವನಿಗೆ ಅಂದಳು: “ಇನ್ನೂ ಸ್ವಲ್ಪ ಒಣಗ್ಸಿ. ಮೊಮ್ಮಗಳ ಕಣ್ಣೀರು ಒಂದು ಹಸಿ ಇದೆ.” ಆಮೇಲೆ ನಮ್ಮ ಹುಡುಗಿಯನ್ನು ಕರೆದಳು. “ಮೇಲಿನ ಮನೆಗೆ ಹೋಗೋಳು, ಬರಿ ಮಡ್ಲಲ್ಲಿ ಕಳಿಸ್ಬಾರ್ದು. ಹಿಡಿ ಇಲ್ಲಿ.” ನಮ್ಮ ಕಡೆ ಅದಕ್ಕೆ ಉಡಿ ತುಂಬುವುದು ಎನ್ನುತ್ತೇವೆ. ಹುಡುಗಿಗೆ ಸೆರಗೆಲ್ಲಿದೆ? ಆಟದ ಅಂಗಿಯ ತುದಿಯನ್ನೇ ಹಿಡಿದಳು. ಅಕ್ಕಿಯೂ ಇರಲಿಲ್ಲ. ಗಂಡ ನೋಡುತ್ತಿರುವಂತೆಯೇ ಆಕೆ ಬೊಗಸೆ ಬೊಗಸೆ ಜೋಳ ತುಂಬಿದಳು.

ತಮ್ಮನ ಮೊಮ್ಮಗಳು ಮೂಗು ಒರೆಸಿಕೊಂಡು ಬಂದು, ಬಸ್ಸಿನಲ್ಲಿ ಸೀಟು ಹಿಡಿಯಲು ಹೇಳುವ ಹಾಗೆ, “ಅಲ್ಲೇ ಇರೇ, ಮುಂದಿನ ವರ್ಷ ನಾವೂ ಬರ್ತೀವಿ,” ಅಂದಳು. ಅವಳಿಗಿನ್ನೂ ವಯಸ್ಸಿದೆ. ಬರುತ್ತಾಳೆ.

ಮಳೆಗಾಲ ಕಳೆದು ಮೇಲಿನ ಡಿವಿಜನ್ನಿನ ಮೊದಲ ಪಂದ್ಯ ಬಂತು. ಶಿವಮೊಗ್ಗಕ್ಕೆ ನಾನೂ ಹೋದೆ. ಸಿಟ್ಟು ಆರಿದ ತಮ್ಮನೂ ಬಂದ. ಮೈದಾನ ನೋಡಿ ಅವನಿಗೆ ಸಂಕಟವಾಯಿತು. “ಅಕ್ಕ, ಇಷ್ಟು ಒಳ್ಳೆ ಹುಲ್ಲು! ಸುಮ್ನೆ ತುಳಿಸ್ತಾರಲ್ಲೇ. ನಾಲ್ಕು ಎಮ್ಮೆ ಬಿಟ್ಟಿದ್ರೆ ಊರಿಗೆಲ್ಲ ಹಾಲು.”

ಆಟವನ್ನು ಏನೆಂದು ಹೇಳಲಿ. ಎದುರಿನ ಹುಡುಗಿಯರು ಗಾಳಿಯಲ್ಲಿ ಹುಟ್ಟಿದವರ ಹಾಗಿದ್ದರು. ಏಳು ಗೋಲು ಹೊಡೆದರು. ಸಾಹೇಬರು ತಲೆಯ ಮೇಲೆ ಕೈ ಹೊತ್ತರು. ನಮ್ಮವಳು ಮಾತ್ರ ಪ್ರತಿ ಸಲವೂ ಮೈ ಉದ್ದಕ್ಕೆ ಚಾಚಿ ಬಿದ್ದಳು, ಬಿದ್ದ ಮೇಲೆ ಏಳಲು ಅವಸರವನ್ನೇ ಮಾಡಲಿಲ್ಲ. ನಾನು ಪ್ರತಿ ಸಲ ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿ ಕೂತ ಪೇಟೆಯ ಹೆಂಗಸು, “ನಿಮ್ಮ ಹುಡುಗಿ ಯಾವುದ್ರೀ?” ಎಂದು ಕೇಳಿದಳು.

“ಅಗೋ, ಬಿದ್ದಾಳಲ್ರೀ, ಅದೇ.”

ಮುಗಿದ ಮೇಲೆ ಹುಡುಗಿ ನನ್ನ ಹತ್ತಿರ ಬಂದು ಮೊಣಕೈ ಒಡ್ಡಿದಳು. ತಿರುಗಿಸಿ ನೋಡಿದೆ. ರಕ್ತವಿಲ್ಲ, ಬರೀ ಹಸಿರು ಕಲೆ. ಮುಖವನ್ನು ಅಳುವಂತೆ ಮಾಡಬೇಕೋ ನಗುವಂತೆ ಮಾಡಬೇಕೋ ತಿಳಿಯದೆ ನಿಂತಿದ್ದಳು.

“ಅಜ್ಜಿ, ಏಳು ಬಿಟ್ನಲ್ಲ.”

“ಮೇಲಿನೋರ ಕೈಲಿ ತಾನೇ?” ಅಂದೆ. “ಕೆಳಗಿದ್ದಾಗ ಇಂಥ ಒಂದು ಗೋಲಾದ್ರೂ ಕಂಡಿದ್ಯೇನೇ?”